ನೆಲದ ಕಲ್ಲಿನಲ್ಲಿ ಸಿಕ್ಕ ಚಿಪ್ಪುಗಳು

ನೆಲ ಹಾಸಿದವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಬಾಗಿಲು ಕೆತ್ತಿದ ಆಚಾರ್ರ ಹೆಸರು ಹೇಳುತ್ತಾರೆ, ಗೋಡೆ ಎಬ್ಬಿಸಿದ ಮೇಸ್ತ್ರಿಯ ಹೆಸರು ಹೇಳುತ್ತಾರೆ. ನಮ್ಮ ಹೆಸರು ಬರುವುದು ಮನೆಗೆ ಬಂದ ನೆಂಟರು ಜಾರಿ ಬಿದ್ದಾಗ ಮಾತ್ರ.

ಹುಣಸೂರಿನಲ್ಲಿ ಈಗ ಟೈಲ್ಸ್ ಕೆಲಸಕ್ಕೆ ಇಳಿದಿರುವವರು ಆಗಾಗ ಚಹಾ ಅಂಗಡಿಯಲ್ಲಿ ಸಿಗುತ್ತಾರೆ. "ಚಾಚಾ, ನಿಮ್ಮ ಕಾಲದಲ್ಲಿ ಹೆಂಗೆ ಮಾಡ್ತಿದ್ರಿ?" ಅನ್ನುತ್ತಾರೆ. ಬಾಯಲ್ಲಿ ಹೇಳಲು ಹೊರಟರೆ ಚಹಾ ಮುಗಿಯುವ ಹೊತ್ತಿಗೆ ಅವರೂ ಎದ್ದು ಹೋಗಿರುತ್ತಾರೆ. ಅದಕ್ಕೆ ಬರೆದಿಡುತ್ತಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕು ಬಿಟ್ಟು ನಾನು ಕೆಲಸಕ್ಕೆ ಆಚೆ ಹೋದವನಲ್ಲ. ಆದರೆ ನಾನು ಹಾಸಿದ ಕಲ್ಲುಗಳು ದೂರದೂರದಿಂದ ಬಂದಂಥವು. ಅವುಗಳ ಒಳಗೆ ಕುಳಿತಿದ್ದವರಂತೂ ಇನ್ನೂ ದೂರದವರು.

ನನಗೆ ಕೆಲಸ ಕಲಿಸಿದವರು ಗಫಾರ್ ಉಸ್ತಾದ್. ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದರು. ರಸಮಟ್ಟ ಇಡುವ ಮೊದಲೇ ಅವರ ಕಣ್ಣು ಮಟ್ಟ ಹಿಡಿದಿರುತ್ತಿತ್ತು. ಅವರದು ಒಂದೇ ಕಾನೂನು. "ನೆಲ ಅಂದ್ರೆ ಕನ್ನಡಿ ಇದ್ದಂಗೆ ಇರಬೇಕು ಬೇಟಾ. ಚುಕ್ಕೆ ಕಂಡ್ರೆ ಮುಚ್ಚು, ಮುಚ್ಚಕ್ಕಾಗದಿದ್ರೆ ಕತ್ತರಿಸು." ಹೀಗಾಗಿ ಕಲ್ಲಿನ ಮೇಲೆ ತೂತು, ಗೀರು, ಕಲೆ ಏನೇ ಕಂಡರೂ ಬಣ್ಣ ಬೆರೆಸಿದ ಸಿಮೆಂಟ್ ತುಂಬಿಸುವುದು ನನಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ಎಷ್ಟನ್ನು ಮುಚ್ಚಿದ್ದೇನೋ, ದೇವರಿಗೇ ಗೊತ್ತು.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಕಡೆ ಕೆಂಪು ಆಕ್ಸೈಡಿನ ನೆಲ ಬಿಟ್ಟು ಜನ ಕಲ್ಲಿಗೆ ತಿರುಗಿದರು. ಆಗ ಕರ್ನೂಲು ಕಡೆಯಿಂದ ತಿಳಿ ಬಣ್ಣದ ಒಂದು ಕಲ್ಲು ಬರುತ್ತಿತ್ತು. ಅದರ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಹಾಗೆ ಪುಟ್ಟ ಪುಟ್ಟ ಗಿಡಗಳ ಚಿತ್ರ. ಕಲ್ಲಿನ ಅಂಗಡಿಯವರು ಅದನ್ನು ತೋರಿಸಿ, "ಇದು ಹಳೇ ಕಾಲದ ಜರೀಗಿಡ, ಕಲ್ಲಾಗಿ ಹೋಗಿದೆ" ಎನ್ನುತ್ತಿದ್ದರು. ನಾನು ಅದನ್ನು ಕೇಳಿಸಿಕೊಂಡು ಇನ್ನಷ್ಟು ಒಗ್ಗರಣೆ ಹಾಕಿ ಮನೆ ಮನೆಯಲ್ಲಿ ಹೇಳುತ್ತಿದ್ದೆ. ಮನೆಯವರಿಗೆ ಖುಷಿ, ನನಗೂ ಖುಷಿ.

ಈ ಭಾಷಣಕ್ಕೆ ಕೊನೆ ಹಾಡಿದವರು ಕೆ.ಆರ್. ನಗರದ ವಿಮಲಾ ಮೇಡಂ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಒಬ್ಬರೇ ಇರುವುದಕ್ಕೆ ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ಸಣ್ಣ ಮನೆ ಕಟ್ಟಿಸುತ್ತಿದ್ದರು. ಜಗಲಿಗೆ ಕರ್ನೂಲಿನ ಕಲ್ಲು, ಒಳಗೆ ರಾಜಸ್ಥಾನದ ಹಳದಿ ಕಲ್ಲು. ನಾನು ಮೊದಲ ದಿನವೇ ಜಗಲಿಯ ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಜರೀಗಿಡದ ಕಥೆ ಶುರು ಮಾಡಿದೆ. ಮೇಡಂ ಕೈಕಟ್ಟಿ ನಿಂತು ಪೂರ್ತಿ ಕೇಳಿದರು.

"ಎಷ್ಟು ವರ್ಷದಿಂದ ಹೀಗೆ ಹೇಳ್ತಿದ್ದೀರಿ ಮಹಬೂಬ್?"

"ನಾಲ್ಕು ವರ್ಷ ಆಯ್ತು ಮೇಡಂ."

"ನಾನು ಮೂವತ್ತು ವರ್ಷದಿಂದ ಅದು ಸುಳ್ಳು ಅಂತ ಹೇಳ್ತಾ ಇದ್ದೀನಿ. ನಿಮ್ಮ ಮಾತೇ ಹೆಚ್ಚು ಊರು ಸುತ್ತಿರೋ ಹಾಗಿದೆ."

ಅದು ಗಿಡವೇ ಅಲ್ಲವಂತೆ. ಕಲ್ಲಿನ ಬಿರುಕಿನೊಳಗೆ ನೀರು ಇಳಿದು, ನೀರಿನಲ್ಲಿದ್ದ ಒಂಥರಾ ಕಪ್ಪು ಲೋಹದ ಮಡ್ಡಿ ಕವಲೊಡೆದು ನಿಂತದ್ದಂತೆ. ಬಿಸಿಲಿಗೆ ಒಣಗಿದ ಗೋಡೆಯಲ್ಲಿ ನೀರಿನ ಕಲೆ ಹರಡುತ್ತದಲ್ಲ, ಹಾಗೆ. "ಈ ಕಲ್ಲು ಆದ ಕಾಲದಲ್ಲಿ ಭೂಮಿ ಮೇಲೆ ಜರೀಗಿಡವೂ ಇರಲಿಲ್ಲ, ಚಿಪ್ಪಿನ ಪ್ರಾಣಿಯೂ ಇರಲಿಲ್ಲ" ಎಂದರು. ನಾನು ಬಟ್ಟೆ ಹಿಂಡಿಕೊಂಡು ಒಳಗೆ ಹೋದೆ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮೇಡಂ ಹಳದಿ ಕಲ್ಲುಗಳನ್ನು ಮೈಸೂರಿನ ಅಂಗಡಿಗೆ ತಾವೇ ಹೋಗಿ ಆರಿಸಿ, ಒಂದೊಂದರ ಬೆನ್ನಿಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ ತಂದಿದ್ದರು. ಒಮ್ಮೆ ಎರಡು ದಿನ ಅಕ್ಕನ ಮನೆಗೆಂದು ಹೋದರು. ಆಗ ನನ್ನ ಕೈಗೆ ಹದಿನಾಲ್ಕನೇ ಕಲ್ಲು ಬಂತು. ಒಂದು ಮೂಲೆಯಲ್ಲಿ ಅಂಗೈಯಷ್ಟು ಅಗಲಕ್ಕೆ ಉಬ್ಬು ತಗ್ಗು, ಗೆರೆ ಗೆರೆ. ನಾನು ಉಸ್ತಾದರ ಕಾನೂನು ನೆನೆದೆ. ಮೂಲೆಯನ್ನು ಕಟರ್‌ನಲ್ಲಿ ಕತ್ತರಿಸಿ, ಒಡೆದು, ಅಡುಗೆ ಮನೆಯ ನೆಲದ ಅಡಿಗೆ ತುಂಬುತ್ತಿದ್ದ ಜಲ್ಲಿಯ ಜೊತೆ ಹಾಕಿ ಮೇಲೆ ಕಾಂಕ್ರೀಟ್ ಎಳೆದೆ. ಉಳಿದ ತುಂಡನ್ನು ಬಚ್ಚಲಿಗೆ ಹೊಂದಿಸಿದೆ.

ಮೇಡಂ ವಾಪಸು ಬಂದವರು ನಡುಮನೆಯಲ್ಲಿ ಬಗ್ಗಿ ಬಗ್ಗಿ ಹುಡುಕಿದರು. "ಹದಿನಾಲ್ಕು ಎಲ್ಲಿ?"

"ಅದ್ರಲ್ಲಿ ಡ್ಯಾಮೇಜ್ ಇತ್ತು ಮೇಡಂ. ನಾನೇ ನೋಡಿ ತೆಗೆದ್ಬಿಟ್ಟೆ." ಹೇಳುವಾಗ ನನಗೆ ಹೆಮ್ಮೆಯೇ ಇತ್ತು.

ಅವರು ಸಿಮೆಂಟ್ ಮೂಟೆಯ ಮೇಲೆ ಕುಳಿತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು. ಕೂತಲ್ಲಿಂದಲೇ ಹೇಳಿದರು: "ಅದು ಡ್ಯಾಮೇಜ್ ಅಲ್ಲ. ಒಂದು ದೊಡ್ಡ ಚಿಪ್ಪು. ಸಮುದ್ರದ್ದು. ಅದಕ್ಕೋಸ್ಕರವೇ ಆ ಕಲ್ಲನ್ನ ತಂದಿದ್ದು. ನಮ್ಮ ಕಡೆ ನೆಲದಲ್ಲಿ ಇಂಥದ್ದು ಒಂದೂ ಸಿಗೋದಿಲ್ಲ, ನಮ್ಮ ಕಲ್ಲು ಅಷ್ಟು ಹಳೇದು, ಅಷ್ಟು ಬೆಂದಿರೋದು. ಮೂವತ್ತು ವರ್ಷ ಹಲಗೆ ಮೇಲೆ ಚಿತ್ರ ಬರೆದು ಬರೆದು ಪಾಠ ಮಾಡಿದೆ. ಮನೇಲಾದರೂ ಒಂದು ಇರಲಿ ಅಂತ."

ಅಡುಗೆ ಮನೆ ಅಗೆದು ತೆಗೆಯುತ್ತೇನೆ ಎಂದೆ. ಒಡೆದ ಮೇಲೆ ತೆಗೆದು ಏನು ಮಾಡುವುದು ಎಂದರು. ನನಗೆ ಏನಾದರೂ ಶಿಕ್ಷೆ ಕೊಡಿ ಎಂದು ಕೇಳಿಯೇ ಬಿಟ್ಟೆ. ಅವರು ಬ್ಯಾಗಿನಿಂದ ದುಂಡನೆಯ ಸಣ್ಣ ಭೂತಗನ್ನಡಿ ತೆಗೆದು ಕೈಗಿಟ್ಟರು. "ದಿನಾ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಕೂತು ಇದರಲ್ಲಿ ನೋಡಿ ಹೋಗಿ. ಅದೇ ಶಿಕ್ಷೆ."

ಆ ಹತ್ತು ನಿಮಿಷಗಳಲ್ಲಿ ಕಲಿತದ್ದನ್ನು ಹೊಸಬರಿಗೆ ಹೇಳಿಬಿಡುತ್ತೇನೆ. ಕಲ್ಲಿಗೆ ಮೊದಲು ನೀರು ಹಾಕಿ, ಒಣಕಲ್ಲು ಏನನ್ನೂ ಹೇಳುವುದಿಲ್ಲ. ಒಂದು ತೊಟ್ಟು ಆಸಿಡ್ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣದ ಕಲ್ಲು. ತುಂಡು ಕಲ್ಲಿನ ಮೇಲೆ ಮಾತ್ರ ಬಿಡಿ, ಹಾಸಿದ ನೆಲದ ಮೇಲೆ ಬಿಟ್ಟರೆ ಹೊಳಪು ಸತ್ತು ಹೋಗುತ್ತದೆ. ಆಮೇಲೆ ಆಕಾರ ನೋಡಬೇಕು. ಬಿಳಿ ಗೆರೆ ಕಲ್ಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಿದ್ದರೆ ಅದು ಬರೀ ಬಿರುಕು ತುಂಬಿದ್ದು. ಆ ಕಪ್ಪು ಗಿಡಗಳು ಮೇಲ್ಮೈಯಲ್ಲಷ್ಟೇ ಇರುತ್ತವೆ, ಮಷೀನು ಒಂದು ಸುತ್ತು ಉಜ್ಜಿದರೆ ಮಾಯ. ಚಿಪ್ಪು ಹಾಗಲ್ಲ. ಅದು ಕಲ್ಲಿನ ಒಳಕ್ಕೆ ಇಳಿದಿರುತ್ತದೆ. ಉಜ್ಜಿದಷ್ಟೂ ಆಕಾರ ಬದಲಾಗುತ್ತದೆಯೇ ಹೊರತು ಹೋಗುವುದಿಲ್ಲ. ಅಡ್ಡ ಕತ್ತರಿಸಿದ ಚಿಪ್ಪು ನಾವು ಕತ್ತರಿಸಿ ಬಿಸಾಡಿದ ಉಗುರಿನ ಚೂರಿನ ಹಾಗೆ ಕಾಣುತ್ತದೆ. ನಮ್ಮ ಕೆಲಸದವರ ಬಾಯಲ್ಲಿ ಅದಕ್ಕೆ "ಉಗುರು ಕಲೆ" ಅಂತಲೇ ಹೆಸರಿತ್ತು. ಉಗುರು ಬಿದ್ದ ಕಲ್ಲು ಎಂದು ಹೇಳಿ ನಾವು ಅಂಗಡಿಯವರ ಜೊತೆ ಜಗಳ ಆಡುತ್ತಿದ್ದೆವು!

ಅರ್ಧ ಕಲಿತವನ ಜಂಬ ನನ್ನನ್ನೂ ಬಿಡಲಿಲ್ಲ. ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಮನೆಯವರು ಗೊಬ್ಬರದ ಗುಂಡಿ ತೋಡುವಾಗ ಬೆರಳು ದಪ್ಪದ, ಮೊಳಕೈ ದಪ್ಪದ ಬಿಳಿ ಕೋಲುಗಳು ಸಿಕ್ಕವು. ಎಲ್ಲರೂ ಮೂಳೆ ಎಂದರು. ನಾನು ಭೂತಗನ್ನಡಿ ತೆಗೆದೆ, ಆಸಿಡ್ ಬಿಟ್ಟೆ, ಬುಸುಬುಸು ನೊರೆ ಬಂತು. "ಇದು ಪುರಾತನ ಕಾಲದ ಪ್ರಾಣಿಯ ಮೂಳೆ, ಕಲ್ಲಾಗಿದೆ" ಎಂದು ತೀರ್ಪು ಕೊಟ್ಟೆ. ಸಂಜೆಗೆ ಅಕ್ಕಪಕ್ಕದ ಹಳ್ಳಿಯವರೂ ಬಂದು ಗುಂಡಿ ಇಣುಕಿದರು. ಯಾರೋ ಅರಿಶಿನ ಕುಂಕುಮ ಹಾಕಿದ್ದರು.

ಎರಡು ಕೋಲು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಮೇಡಂ ಹತ್ತಿರ ಹೋದೆ. ಅವರು ಒಂದನ್ನು ಪಟ್ಟನೆ ಮುರಿದರು. ನಡುವೆ ಸಣ್ಣ ತೂತು, ತೂತಿನಲ್ಲಿ ಒಣಗಿದ ಬೇರಿನ ನಾರು. "ಬೇರಿನ ಸುತ್ತ ಮಣ್ಣಿನ ಸುಣ್ಣ ಗಟ್ಟಿಯಾಗಿ ಕೂತಿದೆ ಅಷ್ಟೆ. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ. ಪ್ರಾಣಿ ಇದೆ ಅಂತ ಅಲ್ಲ ಮಹಬೂಬ್."

ಮರುದಿನ ಹೋಗಿ ಎಲ್ಲರ ಎದುರು ತಪ್ಪೊಪ್ಪಿಕೊಂಡೆ. ಮನೆಯ ಯಜಮಾನ ನಕ್ಕುಬಿಟ್ಟ. "ಓಗ್ಲಿ ಬುಡಿ ಸಾಬ್ರೇ. ಎಲ್ಡು ದಿನ ನಮ್ಮೂರ್ಗೂ ಒಂದು ಎಸ್ರು ಬಂದಿತ್ತು."

ಇಷ್ಟೆಲ್ಲ ಪೆಟ್ಟು ತಿಂದ ಮೇಲೆ ಬಂದದ್ದು ಬೆಟ್ಟದಪುರದ ಕೆಲಸ. ನನ್ನ ವೃತ್ತಿಯಲ್ಲಿ ಒಂದು ಮಾತ್ರ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಮನೆ ಚಿಕ್ಕೇಗೌಡರದು. ಹೊಗೆಸೊಪ್ಪು ಬೆಳೆಯುವವರು. ಹಳೆ ಮನೆಯ ಪಕ್ಕದಲ್ಲೇ ಹೊಸದು ಕಟ್ಟಿಸಿದ್ದರು. ಮೈಸೂರಿನಲ್ಲಿ ಓದುತ್ತಿದ್ದ ಮಗಳು ಎಲ್ಲೋ ನೋಡಿ ಇಷ್ಟಪಟ್ಟಳೆಂದು ನೆಲಕ್ಕೆ ಅದೇ ರಾಜಸ್ಥಾನದ ಹಳದಿ ಕಲ್ಲು. ಹಾಸುವ ಕೆಲಸ ಮುಗಿದು ಪಾಲಿಶ್ ನಡೆಯುತ್ತಿತ್ತು. ಗೃಹಪ್ರವೇಶಕ್ಕೆ ಇನ್ನು ನಾಲ್ಕೇ ದಿನ. ಎರಡನೇ ಸುತ್ತು ಉಜ್ಜಿ ರಾಡಿ ತೊಳೆದಾಗ, ಮುಂಬಾಗಿಲಿನಿಂದ ಒಳಗೆ ಕಾಲಿಡುವ ಮೊದಲ ಕಲ್ಲಿನಲ್ಲೇ ಅದು ಎದ್ದು ಬಂತು. ಊಟದ ತಟ್ಟೆಯಷ್ಟು ಅಗಲದ ಸುರುಳಿ. ಹೊರಗಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೋಗಿ ನಡುವೆ ಬಿಂದುವಾಗಿ ನಿಂತಿತ್ತು. ಅಷ್ಟು ದೊಡ್ಡದನ್ನು ನಾನು ನೋಡಿರಲಿಲ್ಲ. ಮಷೀನು ನಿಲ್ಲಿಸಿ, "ಗೌಡ್ರೇ, ಬೇಗ ಬನ್ನಿ!" ಎಂದು ಕೂಗಿದೆ, ನಿಧಿ ಸಿಕ್ಕವನ ಹಾಗೆ.

ಗೌಡರು ಓಡಿ ಬಂದು, ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು. "ಸಾಬ್ರೇ, ಇದು ಆವಲ್ವಾ?"

ಅವರ ಹಿಂದೆಯೇ ಅವರ ಭಾಮೈದ ರಾಜಣ್ಣ ಬಂದ. "ಊಂ ಕಣ್ ಭಾವ. ಬಾಗ್ಲಲ್ಲೇ ಸುತ್ಕಂಡು ಮಲ್ಗದೆ. ಇದ್ನ ತುಳ್ಕಂಡು ಒಳೀಕೆ ಓಗೋದಾ? ಕಿತ್ತಾಕ್ಸು."

ಏಣಿಯ ಮೇಲೆ ವೈರು ಎಳೆಯುತ್ತಿದ್ದವನು ನನಗೆ ಸಹಾಯ ಮಾಡಲು ಮುಂದಾದ. "ಚಕ್ರದಂಗೇ ಅದಲ್ಲ, ಸಾಲಿಗ್ರಾಮ ಅಂದ್ಬುಡಿ ಸಾಬ್ರೇ. ಯಾರೂ ತುಟಿ ಎರಡು ಮಾಡಕ್ಕಿಲ್ಲ."

ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಪೂಜೆಯ ಸಾಲಿಗ್ರಾಮದ ಒಳಗೂ ಇದೇ ಜಾತಿಯ ಸಮುದ್ರ ಪ್ರಾಣಿಯ ಗುರುತಿರುತ್ತದೆ ಎಂದು ಮೇಡಂ ಹೇಳಿದ್ದರು. ಆದರೆ ಬಾಗಿಲಲ್ಲಿ ಹಾವಿದ್ದರೂ ಕಷ್ಟ, ದೇವರಿದ್ದರೂ ಕಷ್ಟ. ಹಾವೆಂದರೆ ಹೆದರಿ ತುಳಿಯುವುದಿಲ್ಲ, ದೇವರೆಂದರೆ ಭಕ್ತಿಯಿಂದ ತುಳಿಯುವುದಿಲ್ಲ. ಆ ಮನೆಯವರು ಬದುಕಿಡೀ ಹಿತ್ತಿಲ ಬಾಗಿಲಲ್ಲಿ ಓಡಾಡಬೇಕಾಗುತ್ತಿತ್ತು.

ಸಂಜೆಗೆ ಗೌಡರು ತೀರ್ಮಾನ ಹೇಳಿದರು. "ನಾಳೆ ಹೊತ್ತಾರೆ ಕಿತ್ತಾಕಿ ಬೇರೆ ಕಲ್ಲು ಕೂರ್ಸಿ. ನಮ್ಮವ್ವಂಗೆ ಯಾರೋ ಏಳ್ಬುಟ್ಟವ್ರೆ. ಅವ್ಳು ಹೊಸ ಮನೆಗೆ ಕಾಲಿಡಾಕಿಲ್ಲ ಅಂತವ್ಳೆ."

ಅಡಿಯ ಸಿಮೆಂಟ್ ಬೆಡ್ಡಿಗೆ ಕಚ್ಚಿದ ಕಲ್ಲನ್ನು ಕೀಳುವುದೆಂದರೆ ಸುತ್ತಿಗೆ ಉಳಿಯಲ್ಲಿ ಪುಡಿ ಮಾಡುವುದು ಎಂದೇ ಅರ್ಥ. ನನಗೆ ಹದಿನಾಲ್ಕನೇ ಕಲ್ಲು ನೆನಪಾಯಿತು. ನಾನು ಒಪ್ಪದಿದ್ದರೆ ಬೇರೆ ಯಾರಾದರೂ ಒಡೆಯುತ್ತಾರೆ, ಜೊತೆಗೆ ಮಹಬೂಬ್ ಮೇಸ್ತ್ರಿ ಬಾಗಿಲಿಗೆ ಹಾವು ಹಾಸಿದ ಎಂದು ತಾಲ್ಲೂಕೆಲ್ಲ ಸುದ್ದಿಯಾಗುತ್ತದೆ. "ಹೊತ್ತಾರೆ ನಾನು ಅವ್ವನ ಹತ್ರ ಮಾತಾಡ್ತೀನಿ ಗೌಡ್ರೇ. ಅವರು ಕೀಳು ಅಂದ್ರೆ ನಾನೇ ಕೀಳ್ತೀನಿ" ಎಂದೆ.

ಬೆಳಿಗ್ಗೆ ಬರುವಾಗ ಕೆರೆ ಏರಿಯ ಮೇಲೆ ಬಸವನ ಹುಳುವಿನ ಖಾಲಿ ಚಿಪ್ಪು ಆರಿಸಿಕೊಂಡೆ, ಅಂಗಡಿಯಲ್ಲಿ ಎರಡು ನಿಂಬೆಹಣ್ಣು ತೆಗೆದುಕೊಂಡೆ. ಗೌಡರ ತಾಯಿ ನಿಂಗಮ್ಮ ಹಳೆ ಮನೆಯ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದರು. ಮುಖ ಗಂಟಿಕ್ಕಿತ್ತು.

"ಅವ್ವಾ, ನಂಗೆ ಗೊತ್ತಿರೋದು ಹೇಳ್ತೀನಿ. ಆಮೇಲೆ ನೀವು ಹೇಳಿದಂಗೆ" ಎಂದೆ.

"ಏಳಪ್ಪ. ಕಿವಿ ಕೇಳ್ತದೆ ನಂಗೆ."

ನಾನು ಉಳಿದಿದ್ದ ಹಳದಿ ಕಲ್ಲಿನ ಚೂರನ್ನೂ ಬಸವನ ಹುಳುವಿನ ಚಿಪ್ಪನ್ನೂ ಪಕ್ಕಪಕ್ಕ ಇಟ್ಟು, ಕೆರೆದು ಪುಡಿ ಎಬ್ಬಿಸಿ, ಎರಡರ ಮೇಲೂ ನಿಂಬೆರಸ ಹಿಂಡಿದೆ. ಎರಡರಲ್ಲೂ ಸಣ್ಣ ಸಣ್ಣ ಗುಳ್ಳೆ ಎದ್ದವು. ಭೂತಗನ್ನಡಿ ಅವರ ಕೈಗೆ ಕೊಟ್ಟೆ. ಅವರು ಬಗ್ಗಿ ನೋಡಿದರು. ಮತ್ತೆ ನೋಡಿದರು. ಎದ್ದು ಕೋಲು ಹಿಡಿದರು. "ನಡಿ, ಅದ್ಯಾವುದೋ ಆವು ತೋರ್ಸು."

ಹೊಸ ಮನೆಯ ಹೊಸ್ತಿಲ ಆಚೆಯೇ ಕುಳಿತು, ಕತ್ತು ಚಾಚಿ ಸುರುಳಿಯನ್ನು ನೋಡಿದರು. "ತಲೆ ಎಲ್ಲದೆ?"

"ತಲೆ ಇಲ್ಲ ಅವ್ವಾ. ಇದು ಬರೀ ಮನೆ. ಒಳಗಿದ್ದೋನು ಯಾವತ್ತೋ ಹೋದ. ಇಲ್ಲಿ ನೋಡಿ, ಅಡ್ಡಗೋಡೆ. ಇದೊಂದು ಕೋಣೆ, ಇದೊಂದು ಕೋಣೆ. ಹಾವಿನ ಮೈಯಲ್ಲಿ ಎಲ್ಲಾದ್ರೂ ಕೋಣೆ ಇರ್ತದಾ?"

ಅವರು ಬೆರಳಿನಿಂದ ಕೋಣೆಗಳನ್ನು ಎಣಿಸುತ್ತಾ ಹೋದರು. ಆ ಹೊತ್ತಿಗೆ ಗೌಡರೂ ರಾಜಣ್ಣನೂ ಬಂದು ನಿಂತಿದ್ದರು. ನಿಂಗಮ್ಮ ಎಣಿಕೆ ನಿಲ್ಲಿಸಿ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದರು. ಡಬ್ಬಿ ನೋಡಿದರು, ಕಲ್ಲು ನೋಡಿದರು.

"ಲೇ ಚಿಕ್ಕ, ಈ ಸುಣ್ಣ ಯಾವುದ್ರಲ್ಲಿ ಮಾಡ್ತಾರ್ಲಾ?"

"ಚಿಪ್ಪು ಸುಟ್ಟು ಮಾಡ್ತಾರೆ ಕಣವ್ವ."

"ಅಂಗಾರೆ ಇದು ಸುಣ್ಣದುಳ ಕಣ್ಲಾ! ಐವತ್ತು ವರ್ಸದಿಂದ ಬಾಯ್ಗೆ ಆಕ್ಕತಾ ಇವ್ನಿ, ಇನ್ ಕಾಲಲ್ಲಿ ತುಳುದ್ರೆ ಏನಾದದು?"

ಮೇಡಂ ನನಗೆ ತಿಂಗಳುಗಟ್ಟಲೆ ಹೇಳಿಕೊಟ್ಟದ್ದನ್ನು ಆ ಅಜ್ಜಿ ಒಂದು ಬೆಳಗಿನಲ್ಲಿ ಹಿಡಿದುಬಿಟ್ಟಿದ್ದರು. ರಾಜಣ್ಣ ಮಾತ್ರ ಗೊಣಗುತ್ತಲೇ ಇದ್ದ. ಕಲ್ಲು ಉಳಿಯಿತು.

ಗೃಹಪ್ರವೇಶದ ದಿನ ನಾನು ಅಡುಗೆ ಚಪ್ಪರದ ಹತ್ತಿರ ನಿಂತು ಬಾಗಿಲನ್ನೇ ನೋಡುತ್ತಿದ್ದೆ. ಮೊದಲು ಹಸು ಒಳಗೆ ಹೋಗಬೇಕು. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಹಸು ಕರುವಿನ ಜೊತೆ ಬಂತು, ಹೊಸ್ತಿಲು ಮೂಸಿತು, ಸುರುಳಿಯ ಕಲ್ಲನ್ನು ನೋಡಿ ಕಾಲು ಊರಿ ನಿಂತುಬಿಟ್ಟಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ.

"ನೋಡುದ್ರಾ?" ಎಂದ ರಾಜಣ್ಣ. "ನಮ್ಗೆ ಕಾಣ್ದಿದ್ರೂ ಅಸೀಗೆ ಕಾಣ್ತದೆ."

ನಾನು ನೆಲ ನೋಡಿದೆ. ತಪ್ಪು ಹುಳುವಿನದ್ದಲ್ಲ, ನನ್ನದು. ಗೌಡರ ಮೆಚ್ಚುಗೆ ಗಳಿಸುವ ಹುರುಪಿನಲ್ಲಿ ಆ ಕಲ್ಲನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿದ್ದೆ. ಹಸುವಿಗೆ ನೀರು ಕಂಡಿರಬೇಕು. ಗೊರಸು ಜಾರುವ ಭಯ ಬೇರೆ. "ಜಾರ್ತದೆ, ಅದಕ್ಕೇ ನಿಂತಿದೆ! ಗೋಣಿಚೀಲ ಹಾಕಿ!" ಎಂದು ಅಲ್ಲಿಂದಲೇ ಕೂಗಿದೆ. ಯಾರೂ ಅಲುಗಲಿಲ್ಲ.

ನಿಂಗಮ್ಮ ಜನರ ನಡುವಿನಿಂದ ಬಂದರು. ತಮ್ಮ ಹೆಗಲ ಮೇಲಿದ್ದ ಟವೆಲನ್ನೇ ಕಲ್ಲಿನ ಅರ್ಧಕ್ಕೆ ಹಾಸಿದರು. ಹಸುವಿನ ಹಗ್ಗವನ್ನು ಮಗನ ಕೈಯಿಂದ ಕಿತ್ತುಕೊಂಡು, ಬರಿಗಾಲಿನಲ್ಲಿ ಸುರುಳಿಯ ನಟ್ಟನಡುವೆ ನಿಂತು, "ಬಾ ನಮ್ಮವ್ವ, ಬಾ. ಸುಣ್ಣದುಳ ಇದು, ಏನೂ ಮಾಡಕ್ಕಿಲ್ಲ" ಎಂದರು. ಹಸು ಒಂದು ಕಾಲು ಇಟ್ಟಿತು, ಇನ್ನೊಂದು ಇಟ್ಟಿತು. ಒಳಗೆ ಬಂದ ಮೇಲೆ ಕರುವಿಗೆ ಕಾಯುತ್ತಾ ನಿಂತು, ಸುರುಳಿಯ ಮೇಲೆಯೇ ಸಗಣಿ ಹಾಕಿತು. ಪುರೋಹಿತರು "ಶುಭ, ಶುಭ!" ಎಂದರು. ವಾದ್ಯದವರು ಊದಿದರು. ರಾಜಣ್ಣನೇ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದ, ಬಾಳೆ ಎಲೆಯ ಸಾಲು ಹಿಡಿಯುವುದಕ್ಕೆ.

ಒಂದು ತಿಂಗಳಾದ ಮೇಲೆ ವಿಮಲಾ ಮೇಡಂ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಸೀರೆ ಸೆರಗು ಸಿಕ್ಕಿಸಿ ನೆಲದ ಮೇಲೆ ಕುಳಿತವರು ಎಷ್ಟು ಹೊತ್ತಾದರೂ ಏಳಲಿಲ್ಲ. ನಿಂಗಮ್ಮ ಪಕ್ಕದಲ್ಲಿ ಕುಳಿತು ಕೋಣೆಗಳ ಲೆಕ್ಕವನ್ನು ಅವರಿಗೇ ಪಾಠ ಮಾಡಿದರು. ಮೇಡಂ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸಿದರು. ಬಸ್ಸಿಗೆ ಕಾಯುವಾಗ, "ನಂದು ಇದರ ಅರ್ಧ ಕೂಡ ಇರಲಿಲ್ಲ ಬಿಡಿ ಮಹಬೂಬ್" ಎಂದರು. ನನ್ನನ್ನು ಹಗುರ ಮಾಡಲು ಹೇಳಿದ್ದು ಎಂದು ನನಗೆ ಗೊತ್ತು. ಆದರೂ ಹಗುರವಾದೆ.

ಎರಡು ಸಾವಿರದ ದಶಕದಲ್ಲಿ ಟೈಲ್ಸ್ ಬಂತು. ಪಾಲಿಶ್ ಮಷೀನುಗಳು ಮೂಲೆ ಸೇರಿದವು. ಡಬ್ಬ ಒಡೆದು ಅಂಟಿಸಿದರೆ ಸಂಜೆಗೆ ಮನೆ ತಯಾರು. ಕೆಲವುಗಳಲ್ಲಿ ಚಿಪ್ಪಿನ ಚಿತ್ರವನ್ನೂ ಅಚ್ಚು ಹಾಕಿ ಕಳಿಸುತ್ತಾರೆ, ಒಂದೇ ಹುಳ ಒಂದೇ ಭಂಗಿಯಲ್ಲಿ ನಡುಮನೆಯ ತುಂಬ ಸತ್ತು ಬಿದ್ದಿರುತ್ತದೆ. ನಾನು ದೂರುತ್ತಿಲ್ಲ. ನಾನೂ ಅದೇ ಅಂಟಿಸಿ ಹೊಟ್ಟೆ ಹೊರೆದವನು.

ನನ್ನ ಕೊನೆಯ ದೊಡ್ಡ ಕೆಲಸ ಪಿರಿಯಾಪಟ್ಟಣದಲ್ಲಿ. ಔಷಧಿ ಅಂಗಡಿಯವರೊಬ್ಬರು ಯಾರಿಂದಲೋ ಹಳೆಯ ಮನೆ ಕೊಂಡಿದ್ದರು. ಕಲ್ಲಿನ ನೆಲ ಒಡೆದು ತೆಗೆದು ಬಿಳಿ ಟೈಲ್ಸ್ ಹಾಕಿಕೊಡಿ ಎಂದರು. ಮಾಸಿ ಕಂದಾಗಿದ್ದ ನೆಲ. ಅಭ್ಯಾಸದಂತೆ ಒಂದು ಬಕೆಟ್ ನೀರು ಹುಯ್ದು ತಿಕ್ಕಿದೆ. ಗೋಡೆಯಿಂದ ಗೋಡೆಯವರೆಗೂ ಚಿಪ್ಪು. ಉಗುರಿನಂಥವು, ಅಂಗಿಯ ಗುಂಡಿಯಂಥವು, ಪುಟ್ಟ ಸುರುಳಿಗಳು, ಒಂದರ ಮೇಲೊಂದು ಬಿದ್ದಿದ್ದವು. ಹಾಸಿದ ಪುಣ್ಯಾತ್ಮ ಯಾರೋ ಒಂದನ್ನೂ ಮುಚ್ಚಿರಲಿಲ್ಲ. ಮನೆಯವರನ್ನು ಕರೆದು ತೋರಿಸಿದೆ. ಅವರು ನೋಡಿ, "ಚೆನ್ನಾಗದೆ ಮೇಸ್ತ್ರಿ. ಆದ್ರೆ ನಮ್ಮ ಮನೆಯವ್ರಿಗೆ ಬಿಳೀದೇ ಬೇಕಂತೆ" ಎಂದರು. ಅವರ ಮನೆ, ಅವರ ಇಷ್ಟ.

"ಒಡೆಯೋದು ಬೇಡ ಸ್ವಾಮಿ" ಎಂದೆ. "ನೆಲ ಗಟ್ಟಿಯಾಗಿದೆ, ಮಟ್ಟ ಇದೆ. ಇದರ ಮೇಲೇ ಅಂಟು ಹಾಕಿ ಟೈಲ್ಸ್ ಕೂರಿಸ್ತೀನಿ. ಧೂಳಿಲ್ಲ, ಸದ್ದಿಲ್ಲ, ವಾರದ ಕೆಲಸ ಮೂರು ದಿನಕ್ಕೆ ಮುಗಿಯುತ್ತೆ. ಬಾಗಿಲ ಕೆಳಗೆ ಮಾತ್ರ ಅರ್ಧ ಇಂಚು ಹೆರೆಯಬೇಕು, ಅದನ್ನ ನಾನೇ ಹೆರೆದುಕೊಡ್ತೀನಿ." ಧೂಳಿಲ್ಲ ಎಂದದ್ದಕ್ಕೆ ಅವರು ಒಪ್ಪಿದರು.

ನಾಲ್ಕು ಬಾಗಿಲು ಬಿಚ್ಚಿ ಅಡಿ ಹೆರೆದೆ. ಕೊನೆಯ ಮೂಲೆಗೆ ಬಂದಾಗ ಮೊಣಕಾಲೂರಿ ಇನ್ನೊಮ್ಮೆ ಒರೆಸಿದೆ. ಕಿರುಬೆರಳಿನ ಉಗುರಿನಷ್ಟು ಪುಟ್ಟ ಸುರುಳಿ ಇತ್ತು. ಅದರ ಮೇಲೆ ಅಂಟು ತೆಳ್ಳಗೆ ಎಳೆದು ಟೈಲ್ ಕೂರಿಸಿ ಅಂಗೈಯಿಂದ ತಟ್ಟಿದೆ.

ಆ ಮನೆಯಲ್ಲಿ ಈಗ ಬಿಳಿ ನೆಲ. ಮುಂದೆ ಯಾವತ್ತೋ ಯಾರಿಗೋ ಬಿಳಿಯೂ ಸಾಕೆನಿಸಿ ನಿಮ್ಮನ್ನು ಕರೆಸಬಹುದು. ಆಗ ಮೆಲ್ಲಗೆ ಎಬ್ಬಿಸಿ. ಕೆಳಗೆ ಒಂದು ಸಮುದ್ರ ಇದೆ.